ಹಳೇಬೀಡಿನ ಮಧುನಾಶಿನಿ ಫಲಕಕ್ಕೆ ಇನ್ನೊಂದು ಸಾಲು ಬೇಕು

ಅರಸೀಕೆರೆ
ಆಗಸ್ಟ್ 2004

ಮೂಲಿಕಾ ವನದ ಉಸ್ತುವಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ಹಳೇಬೀಡಿನ ತಮ್ಮ ಮೂಲಿಕಾ ವನದಲ್ಲಿ ಮಧುನಾಶಿನಿ ಬಳ್ಳಿಯ ಮುಂದೆ ತಾವು ನಿಲ್ಲಿಸಿರುವ ಹಸಿರು ಫಲಕದಲ್ಲಿ ಒಂದು ಸಾಲು ಕಡಿಮೆ ಇದೆ. ಆ ಸಾಲು ಇಲ್ಲದ ಕಾರಣಕ್ಕೆ ಕಳೆದ ವರ್ಷದ ಗೌರಿ ಹಬ್ಬದ ದಿನ ನನ್ನ ಹೆಂಡತಿ ಬೋರಮ್ಮ ಜಾವಗಲ್ ದಾರಿಯ ಬಸ್ಸಿನಲ್ಲಿ ಜೀವ ಬಿಡುವುದರಲ್ಲಿದ್ದಳು. ಮುಂದಿನ ತಿಂಗಳು ಮತ್ತೆ ಗೌರಿ ಹಬ್ಬ ಬರುತ್ತಿದೆ. ಫಲಕ ಹಾಗೆಯೇ ಇದೆ. ಬೋರಮ್ಮನ ಹಟವೂ ಹಾಗೆಯೇ ಇದೆ. ಇವೆರಡರಲ್ಲಿ ಸುಲಭವಾಗಿ ತಿದ್ದಬಹುದಾದದ್ದು ಫಲಕ ಎಂಬ ನಂಬಿಕೆಯಿಂದ ತಮಗೆ ಬರೆಯುತ್ತಿದ್ದೇನೆ. ಮುಚ್ಚಿದ ಲಕೋಟೆಯಲ್ಲಿ ಬರೆದಾಗ ತಮ್ಮ ಕಚೇರಿ ಉತ್ತರಿಸಲಿಲ್ಲವಾದ್ದರಿಂದ ಈ ಸಲ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ತಮ್ಮ ಗುಮಾಸ್ತರು ಅದನ್ನು ಪತ್ತೆಹಚ್ಚುವ ಶ್ರಮ ಉಳಿಯಲಿ. ನನಗೆ ಹೊಟ್ಟೆಕಿಚ್ಚು ಇದೆ. ಬೇಲೂರಿನ ಮೇಲಿದೆ, ಹಳೇಬೀಡಿನ ಮೇಲಿದೆ, ಮಾದಿಹಳ್ಳಿಯಲ್ಲಿರುವ ನನ್ನ ಹೆಂಡತಿಯ ತಮ್ಮ ಪುಟ್ಟಸ್ವಾಮಿಯ ಮೇಲೆ ಮಾತ್ರ ಸ್ವಲ್ಪ ಹೆಚ್ಚಾಗಿದೆ. ಇದನ್ನು ಕೇಳಿ ತಾವು ನಕ್ಕು, ‘ಇದು ಸಂಬಂಧಿಕರ ಜಗಳ’ ಎಂದು ಈ ಪತ್ರವನ್ನು ಪಕ್ಕಕ್ಕಿಡಬಹುದು. ಆದರೆ ಹೊಟ್ಟೆಕಿಚ್ಚಿನವನು ಹೇಳಿದ್ದೆಲ್ಲ ಸುಳ್ಳು ಎಂದು ಯಾವ ನಿಯಮಾವಳಿಯಲ್ಲಿದೆ? ಪಕ್ಕದ ಮನೆಯವನ ಹೊಸ ಹೆಂಚಿನ ಮೇಲೆ ಕಣ್ಣಿಟ್ಟವನೇ ಅಲ್ಲವೇ, ಅಲ್ಲಿ ಹೊಗೆ ಎದ್ದರೆ ಮೊದಲು ನೋಡುವವನು?

ನಾನು ಅರಸೀಕೆರೆ ರೈಲ್ವೆ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಕೊಬ್ಬರಿ ಮೂಟೆಗಳಿಗೆ ಚೀಟಿ ಅಂಟಿಸುತ್ತ ನೌಕರಿ ಮುಗಿಸಿದವನು. ಮೀಟರ್ ಗೇಜಿನ ಕಾಲದಿಂದಲೂ ರೈಲಿಳಿದ ಪ್ರವಾಸಿಗರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಬೇಲೂರು ಹಳೇಬೀಡಿನ ಬಸ್ಸು ಎಲ್ಲಿ ನಿಲ್ಲುತ್ತದೆ? ನಮ್ಮೂರಲ್ಲೂ ಅದೇ ಹೊಯ್ಸಳರ ಕಾಲದ ಶಿವಾಲಯವಿದೆ, ನಕ್ಷತ್ರದ ಆಕಾರದ ಮಂಟಪವಿದೆ, ಒಂದು ಗಳಿಗೆ ನಿಂತು ನೋಡಿ ಹೋಗಿ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಗೇಟು ದಾಟಿರುತ್ತಿದ್ದರು. ಒಂದೇ ಮನೆತನ, ಒಂದೇ ಬಗೆಯ ಕಲ್ಲು, ಆದರೆ ಒಬ್ಬ ಮಗಳಿಗೆ ಮೆರವಣಿಗೆ, ಇನ್ನೊಬ್ಬಳಿಗೆ ಮೆರವಣಿಗೆಯವರ ಚಪ್ಪಲಿ ಕಾಯುವ ಕೆಲಸ. ಹೋಗಲಿ, ಕಲ್ಲಿನ ವಿಚಾರ ಎಂಟು ಶತಮಾನದ ಹಳೆಯ ವ್ಯಾಜ್ಯ. ಅದಕ್ಕೆ ತಮ್ಮನ್ನು ಹೊಣೆ ಮಾಡುವಷ್ಟು ಅನ್ಯಾಯಗಾರ ನಾನಲ್ಲ. ಆದರೆ ಬಳ್ಳಿಯ ವಿಚಾರಕ್ಕೆ ತಾವೇ ಹೊಣೆ.

ಆ ಮಧುನಾಶಿನಿ ಹಳೇಬೀಡಿನದಲ್ಲ. ಅದು ನಮ್ಮ ಹಿರೇಕಲ್ಲು ಗುಡ್ಡದ್ದು. ರೈಲ್ವೆ ವಾಚನಾಲಯದಲ್ಲಿದ್ದ ಮೂಲಿಕೆಯ ಪುಸ್ತಕಗಳನ್ನು ಮೂಟೆ ಬರುವ ಹೊತ್ತಿನ ನಡುವೆ ಓದಿ ಮುಗಿಸಿದ್ದ ನನಗೆ, ಎಲೆ ಅಗಿದ ಮೇಲೆ ಬೆಲ್ಲ ಸಿಹಿಯಾಗದ ಒಂದು ಬಳ್ಳಿ ನಮ್ಮ ಕಡೆಯ ಕುರುಚಲು ಕಾಡಿನಲ್ಲೇ ಇದೆ ಎಂಬುದು ಗೊತ್ತಾಗಿತ್ತು. ರಜೆಯ ದಿನ ಗುಡ್ಡ ಹತ್ತಿ ಹುಡುಕಿ, ಒಂದು ಕುಡಿ ಮುರಿದು ತಂದು, ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟರಿಗೆ ತೋರಿಸಿ, ಅವರು ಹೌದೆಂದ ಮೇಲೆಯೇ ಬಾಯಿಗಿಟ್ಟುಕೊಂಡೆ. ಗುಡ್ಡದ ಬೇಲಿಯಲ್ಲಿ ಅದರಂತೆಯೇ ಕಾಣುವ ಬಳ್ಳಿಗಳು ಇನ್ನೂ ಹಲವಿವೆ, ಕೆಲವು ವಿಷದವೂ ಇವೆ. ಸಿಹಿ ಹೋಯಿತೋ ಇಲ್ಲವೋ ಎಂದು ಸಿಕ್ಕ ಎಲೆಯನ್ನೆಲ್ಲ ಅಗಿದು ನೋಡುವುದು ಪರೀಕ್ಷೆಯಲ್ಲ, ಪೆದ್ದುತನ. ಇದನ್ನೂ ತಮ್ಮ ಫಲಕ ಹೇಳುವುದಿಲ್ಲ. ಆಮೇಲೆ ಬಳ್ಳಿಯನ್ನು ನಮ್ಮ ಹಿತ್ತಿಲ ಬೇಲಿಗೆ ಹಬ್ಬಿಸಿದೆ. ಹಬ್ಬಕ್ಕೆ ಬಂದಿದ್ದ ಪುಟ್ಟಸ್ವಾಮಿಗೆ ಕಡ್ಡಿ ಕತ್ತರಿಸಿ ಕೊಟ್ಟವನೂ ನಾನೇ. ಅವನು ಅದನ್ನು ಭತ್ತದ ಗದ್ದೆಯ ಬದಿಯ ತೆಂಗಿನ ಮರಕ್ಕೆ ಹಬ್ಬಿಸಿದ. ನೀರಿನ ಮಣ್ಣು ಕಂಡ ಬಳ್ಳಿ ಎರಡೇ ಮಳೆಗಾಲದಲ್ಲಿ ನನ್ನ ಬಳ್ಳಿಗಿಂತ ಎತ್ತರವಾಯಿತು. ಅಂದರೆ ಬಳ್ಳಿಯೂ ಆ ಕಡೆಗೇ ಸೇರಿಕೊಂಡಿತು. ತಮ್ಮ ವನಕ್ಕೆ ಹೋದದ್ದು ಅದರ ಕಡ್ಡಿಯೇ.

ಅರಸೀಕೆರೆಯಲ್ಲಿ ಒಂದು ಮೂಲಿಕಾ ವನ ಮಾಡಿ, ಜಾಗ ತೋರಿಸುತ್ತೇನೆ, ಗಿಡ ಕೊಡುತ್ತೇನೆ, ನೀರು ನಾನೇ ಹಾಕುತ್ತೇನೆ ಎಂದು ತಮ್ಮ ಕಚೇರಿಗೆ ನಾನು ಬರೆದದ್ದು ತಮಗೆ ನೆನಪಿರಲಾರದು. ನನಗಿದೆ. ಉತ್ತರವಾಗಿ ಬಂದದ್ದು ಹಳೇಬೀಡಿನ ವನದ ಉದ್ಘಾಟನೆಯ ಸುದ್ದಿ. ಪ್ರವಾಸಿಗರು ಬರುವ ಜಾಗ, ಫೋಟೋ ಚೆನ್ನಾಗಿ ಬರುತ್ತದೆ, ಸರಿ. ಉದ್ಘಾಟನೆಯ ದಿನ ವೇದಿಕೆಯ ಮೇಲೆ ಪುಟ್ಟಸ್ವಾಮಿಗೆ ತಾವು ಶಾಲು ಹೊದಿಸಿ, ಪೇಟ ತೊಡಿಸಿ, ‘ಈ ಅಮೂಲ್ಯ ಬಳ್ಳಿಯನ್ನು ಕಾಪಾಡಿದ ಮಣ್ಣಿನ ಮಗ’ ಎಂದಿರಿ. ನಾನು ಶಾಮಿಯಾನದ ಕಂಬಕ್ಕೆ ಒರಗಿ ನಿಂತಿದ್ದೆ. ನ್ಯಾಯವಾಗಿ ಹೇಳಬೇಕೆಂದರೆ ಅವನು ಮೈಕಿನ ಮುಂದೆ, “ಇದು ನಂದಲ್ಲ ಸ್ವಾಮಿ, ನಮ್ ಭಾವ ಕೊಟ್ಟಿದ್ ಕಡ್ಡಿ ಕಣ್ರೀ...” ಎಂದು ಶುರು ಮಾಡಿದ. ಅಷ್ಟರಲ್ಲಿ ಮೈಕು ತಮ್ಮ ಕೈಗೆ ಹೋಗಿತ್ತು. ಅವನು ಕಳ್ಳನಾಗಿದ್ದರೆ ನನಗೆಷ್ಟು ಸುಖವಿತ್ತು! ಒಳ್ಳೆಯವನ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟದ ಕೆಲಸ ಎಂಬುದು ಅನುಭವಿಸಿದವರಿಗೇ ಗೊತ್ತು. ಪಕ್ಕದಲ್ಲಿ ಬೋರಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ತಮ್ಮನ ಪೇಟವನ್ನೇ ನೋಡುತ್ತಿದ್ದಳು. ನಮ್ಮ ಮದುವೆಯಲ್ಲಿ ನಾನೂ ಪೇಟ ಇಟ್ಟುಕೊಂಡಿದ್ದೆ. ಅವಳು ಆ ದಿನವೂ ನನ್ನನ್ನು ಹಾಗೆ ನೋಡಿರಲಿಲ್ಲ.

ಆಮೇಲೆ ನಡೆದದ್ದನ್ನು ತಾವು ಮರೆತಿರಲಾರಿರಿ. ಪುಟ್ಟಸ್ವಾಮಿ ಕೊಟ್ಟ ಎಲೆಯನ್ನು ತಾವು ಅಗಿದಿರಿ. ಅದರ ಮೇಲೊಂದು ಪೇಡ ಬಾಯಿಗೆ ಹಾಕಿಕೊಂಡಿರಿ. ತಮ್ಮ ಮುಖ ಸುಣ್ಣದ ಉಂಡೆ ಕಚ್ಚಿದಂತಾಯಿತು. “ಮರಳು! ಬರೀ ಮರಳು! ಸಕ್ಕರೆಯೇ ಮಾಯ!” ಎಂದು ತಾವು ಮೈಕಿನಲ್ಲಿ ಕೂಗಿದಾಗ ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಯಾಕೆಂದರೆ ಪೇಡದ ಡಬ್ಬ ನನ್ನ ಕೈಗೂ ಬರುತ್ತಿತ್ತು. ಆ ಚಪ್ಪಾಳೆಯಲ್ಲೇ ಎಲ್ಲ ಅನಾಹುತದ ಬೀಜವಿತ್ತು, ಮಾನ್ಯರೇ. ಪೇಡದೊಳಗಿನ ಸಕ್ಕರೆ ಎಲ್ಲಿಗೂ ಹೋಗಿರಲಿಲ್ಲ. ಅದು ತಮ್ಮ ಹೊಟ್ಟೆಗೇ ಹೋಯಿತು. ಎಲೆಯಲ್ಲಿರುವ ಒಂದು ಅಂಶ ನಾಲಿಗೆಯ ಸಿಹಿಯ ಅರಿವನ್ನು ಅರ್ಧ ಗಂಟೆಯೋ ಗಂಟೆಯೋ ಮರೆಸುತ್ತದೆ, ಅಷ್ಟೇ. ಕಣ್ಣು ಮುಚ್ಚಿಕೊಂಡ ಮಾತ್ರಕ್ಕೆ ಎದುರಿಗೆ ನಿಂತ ಸಾಲ ಕೊಟ್ಟವನು ಹೊರಟುಹೋಗುತ್ತಾನೆಯೇ? ಆದರೆ ಅಂದು ನೆರೆದವರು, ನಾಲಿಗೆಯಿಂದ ಹೋದ ಸಕ್ಕರೆ ಮೈಯಿಂದಲೂ ಹೋಯಿತು ಎಂದೇ ತಿಳಿದು ಮನೆಗೆ ಹೋದರು. ಅದನ್ನು ತಿದ್ದಬೇಕಾದ ಫಲಕ ಏನೆಂದಿತು? ‘ಮಧುನಾಶಿನಿ: ಸಕ್ಕರೆ ಕಾಯಿಲೆಗೆ ರಾಮಬಾಣ. ಅಡ್ಡಪರಿಣಾಮಗಳಿಲ್ಲ.’

ಬಳ್ಳಿಯನ್ನು ನಾನು ಹೀಗಳೆಯುತ್ತಿಲ್ಲ. ಅದನ್ನು ತಂದವನೇ ನಾನು, ತಮಗಿಂತ ಹೆಚ್ಚು ಅದನ್ನು ಪ್ರೀತಿಸುತ್ತೇನೆ. ಸಿಹಿಯ ಚಪಲ ಬಿಡಲಾರದವರಿಗೆ ಎಲೆ ಅಗಿದರೆ ಚಪಲ ತಗ್ಗುತ್ತದೆ, ಲಡ್ಡು ಎದುರಿಗಿದ್ದರೂ ಕೈ ಹೋಗುವುದಿಲ್ಲ. ರಕ್ತದ ಸಕ್ಕರೆಯನ್ನೂ ಅದು ಒಂದಿಷ್ಟು ಇಳಿಸಬಹುದು ಎಂದು ನಾನು ಓದಿದ್ದೇನೆ. ಆ ಪರೀಕ್ಷೆಗಳು ಚಿಕ್ಕವು, ಇನ್ನೂ ದೊಡ್ಡದಾಗಿ ನಡೆಯಬೇಕು ಎಂಬುದನ್ನೂ ಅಲ್ಲೇ ಓದಿದ್ದೇನೆ. ಹಾಗಿದ್ದ ಮೇಲೆ ರಾಮಬಾಣ ಎಲ್ಲಿಂದ ಬಂತು? ಮತ್ತೆ ಸಕ್ಕರೆ ಇಳಿಸುವ ಶಕ್ತಿ ಇದೆ ಎಂದು ಒಂದು ಸಾಲಿನಲ್ಲಿ ಬರೆದವರು, ಅಡ್ಡಪರಿಣಾಮವಿಲ್ಲ ಎಂದು ಮುಂದಿನ ಸಾಲಿನಲ್ಲೇ ಬರೆದದ್ದು ಹೇಗೆ? ಇಳಿಸುವಂಥದ್ದು ಎಲ್ಲಿ ನಿಲ್ಲಬೇಕೆಂದು ಅದಕ್ಕೆ ಗೊತ್ತಿದೆಯೇ? ಹುಲ್ಲು ಕೊಯ್ಯುವ ಕುಡುಗೋಲಿಗೆ ಹುಲ್ಲು ಯಾವುದು, ಬೆರಳು ಯಾವುದು ಎಂಬ ವಿವೇಕವಿರುತ್ತದೆಯೇ? ಗುಣವಿದೆ ಎಂದರೆ ದೋಷವೂ ಇರಬಹುದು. ದೋಷವೇ ಇಲ್ಲದ್ದಕ್ಕೆ ಗುಣವೂ ಇರುವುದು ಅನುಮಾನ.

ಈಗ ನನ್ನ ಮನೆಯ ಕಥೆಗೆ ಬರುತ್ತೇನೆ. ಬೋರಮ್ಮನಿಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾಗಿ ಆರೇಳು ವರ್ಷವಾಯಿತು. ಬೆಳಿಗ್ಗೆ ತಿಂಡಿಯ ಮುಂಚೆ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುತ್ತಾಳೆ. ಕಾಯಿಲೆ ಗೊತ್ತಾದ ಹೊಸದರಲ್ಲಿ ಅವಳ ಸಿಹಿಯ ಚಪಲ ಕಂಡು, ಡಾಕ್ಟರನ್ನು ಕೇಳಿಕೊಂಡೇ, ಬೇಲಿಯಿಂದ ಒಂದೇ ಒಂದು ಎಲೆ ತಂದು ಕೊಟ್ಟಿದ್ದೆ.

“ಇದೇನ್ರೀ ಇದು?”

“ಮಧುನಾಶಿನಿ ಕಣೇ. ಸಿಹಿ ಬೇಕು ಅನ್ನಿಸ್ದಾಗ ಅಗಿ.”

“ಬೇಲಿ ಸೊಪ್ಪಾ? ತಗಂಡೋಗಿ ಮೇಕೆಗ್ ಹಾಕಿ. ಅದಕ್ಕಾರ ಹೊಟ್ಟೆ ತುಂಬ್ತದೆ.”

ನಮ್ಮ ಮನೆಯಲ್ಲಿ ಮೇಕೆ ಇಲ್ಲ. ಎಲೆಯನ್ನು ನಾನೇ ಅಗಿದೆ. ಆ ದಿನ ಅವಳು ಮಾಡಿದ್ದ ಪಾಯಸ ನನಗೆ ಗಂಜಿಯ ಹಾಗಾಯಿತು. ಇದೇ ಬೋರಮ್ಮ, ಉದ್ಘಾಟನೆಯಾದ ಕಳೆದ ವರ್ಷವೇ ಗೌರಿ ಹಬ್ಬಕ್ಕೆ ಎರಡು ದಿನ ಮುಂಚೆ ಮಾದಿಹಳ್ಳಿಗೆ ಹೋದವಳು, ಪುಟ್ಟಸ್ವಾಮಿ ಅದೇ ಬಳ್ಳಿಯ ಮಗಳ ಎಲೆ ಒಣಗಿಸಿ ಪುಡಿ ಮಾಡಿ ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡು ಬೆಳಿಗ್ಗೆ ಸಂಜೆ ಚಮಚಗಟ್ಟಲೆ ನೆಕ್ಕತೊಡಗಿದಳು. ಮಾತ್ರೆಯನ್ನೂ ಬಿಡಲಿಲ್ಲ. ಒಂದು ಒಳ್ಳೆಯದಾದರೆ ಎರಡು ಇನ್ನೂ ಒಳ್ಳೆಯದು ಎಂಬುದು ನಮ್ಮ ಕಡೆಯ ಲೆಕ್ಕ. ಹಬ್ಬದ ದಿನ ಅವಳನ್ನು ಕರೆತರಲು ಹೋದ ನನಗೆ ಈ ವಿಷಯ ಗೊತ್ತಾದಾಗ, ಡಾಕ್ಟರಿಗೆ ತಿಳಿಸದೆ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬಾರದು ಎಂದೆ. ಅಡುಗೆಮನೆಯಿಂದ ಉತ್ತರ ಬಂತು: “ನಿಮಗೆ ನನ್ ತಮ್ಮನ್ ಕಂಡ್ರೆ ಆಗಕ್ಕಿಲ್ಲ. ಅಷ್ಟೇಯ.” ನಮ್ಮ ಅತ್ತೆ ಮಾದಮ್ಮ, ಎಂಬತ್ತು ದಾಟಿದ ಮುದುಕಿ, ಜಗಲಿಯಿಂದಲೇ, “ಅಳಿಯಂದ್ರು ಶಾಲು ಹೊದಿಸ್ಲಿಲ್ಲ ಅಂತ ಇನ್ನೂ ಬೇಜಾರಾಗವ್ರೆ, ಒಂದು ಟವೆಲ್ಲಾರ ಕೊಡ್ಲಾ ಪುಟ್ಟಾ” ಎಂದರು. ಮನೆಯವರೆಲ್ಲ ನಕ್ಕರು. ಪುಟ್ಟಸ್ವಾಮಿ ಮಾತ್ರ ನಗಲಿಲ್ಲ. “ಬೋರ್ಡ್‌ನಾಗೇ ಬರೆದವ್ರಲ್ಲ ಭಾವ, ಏನೂ ತೊಂದ್ರೆ ಇಲ್ಲ ಅಂತ. ದೊಡ್ಡೋರು ಸುಮ್ನೆ ಬರೀತಾರಾ?” ಎಂದ. ಅವನ ಈ ಪ್ರಶ್ನೆಯನ್ನು ನಾನು ತಮಗೆ ದಾಟಿಸುತ್ತಿದ್ದೇನೆ. ದೊಡ್ಡವರು ಸುಮ್ಮನೆ ಬರೆಯುತ್ತಾರೆಯೇ?

ಗೌರಿ ಪೂಜೆ ಮುಗಿಯುವವರೆಗೆ ಬೋರಮ್ಮ ಬಾಯಿಗೆ ಏನೂ ಹಾಕುವುದಿಲ್ಲ. ಮಾತ್ರೆಯನ್ನು ಮಾತ್ರ ತಪ್ಪದೆ ನುಂಗಿದ್ದಳು, ‘ಅದು ಊಟ ಅಲ್ವಲ್ಲ’ ಎಂದು. ಪೂಜೆ ಮುಗಿಯುವಾಗ ಮಧ್ಯಾಹ್ನ ಇಳಿಯುತ್ತಿತ್ತು. ಪುಟ್ಟಸ್ವಾಮಿ ಅಕ್ಕನಿಗೆ ಮೊರದ ಬಾಗಿನ ಕೊಟ್ಟ. ಅಕ್ಕಿ, ಬೇಳೆ, ಬಳೆ, ಅರಿಶಿನ ಕುಂಕುಮ, ರವಿಕೆ ಕಣ, ತೆಂಗಿನಕಾಯಿ, ಅವುಗಳ ನಡುವೆ ಆ ವರ್ಷದ ಹೊಸ ಸೇರ್ಪಡೆಯಾಗಿ ಮಧುನಾಶಿನಿ ಪುಡಿಯ ದೊಡ್ಡ ಪೊಟ್ಟಣ. ತವರಿನ ಬಾಗಿನವೆಂದರೆ ಏನೆಂದು ತಮಗೆ ವಿವರಿಸಬೇಕಾಗಿಲ್ಲ. ಅದರಲ್ಲಿ ಬಂದದ್ದನ್ನು ಬೇಡವೆನ್ನುವಂತಿಲ್ಲ, ಬೇರೆಯವರಿಗೆ ಕೊಡುವಂತಿಲ್ಲ, ಚೆಲ್ಲುವಂತಂತೂ ಇಲ್ಲವೇ ಇಲ್ಲ. ಆ ಪುಡಿ ಆ ಕ್ಷಣದಿಂದ ಔಷಧಿಯಾಗಿ ಉಳಿಯಲಿಲ್ಲ, ಗೌರಮ್ಮನ ಪ್ರಸಾದವಾಯಿತು. ಬಸ್ಸಿನ ಹೊತ್ತಾಗಿದೆಯೆಂದು ಎರಡು ತುತ್ತು ಉಂಡು ಎದ್ದ ಬೋರಮ್ಮ, ಹಳೇಬೀಡಿನ ಬಸ್ ನಿಲ್ದಾಣದಲ್ಲಿ ಪೊಟ್ಟಣ ಬಿಚ್ಚಿ, “ಬಾಗಿನದ್ದು ಮೊದ್ಲು ಬಾಯಿಗಿಕ್ಬೇಕು” ಎಂದು ಒಂದು ಚಿಟಿಕೆಯಲ್ಲ, ಒಂದು ಹಿಡಿಯ ಅರ್ಧದಷ್ಟನ್ನು ನಾಲಿಗೆಗೆ ಸುರಿದುಕೊಂಡಳು. ಎದುರಿಗೆ ತಮ್ಮ ವನದ ಕಾಂಪೌಂಡು ಕಾಣುತ್ತಿತ್ತು.

ಬಸ್ಸು ಹೊರಟು ಸ್ವಲ್ಪ ಹೊತ್ತಿಗೆ ಅವಳ ಕೈ ನಡುಗತೊಡಗಿತು. ಹಣೆಯ ಮೇಲೆ ಬೆವರು, ಕುಂಕುಮ ಕರಗಿ ಮೂಗಿನವರೆಗೆ ಇಳಿಯಿತು. ಏನಾಯಿತೆಂದರೆ, “ನೀನ್ಯಾರು?” ಎಂದು ನನ್ನನ್ನೇ ಕೇಳಿದಳು. ಬಸ್ಸಿನವರು ಮೊದಲು ನಕ್ಕರು, ಆಮೇಲೆ ಎದ್ದು ಬಗ್ಗಿ ನೋಡಿದರು. ಸಕ್ಕರೆ ಇಳಿದಿದೆ ಎಂದು ನನಗೆ ಹೊಳೆಯಿತು. ಸಿಹಿ ಏನಾದರೂ ಇದ್ದರೆ ಕೊಡಿ ಎಂದು ಕೂಗಿದೆ. ಮುಂದಿನ ಸೀಟಿನಲ್ಲಿದ್ದ ಬಾಣಾವರದ ಗುರುಸಿದ್ದಮ್ಮ ಎಂಬ ಹೆಂಗಸು ಮರುದಿನದ ಗಣೇಶನ ಕಡುಬಿಗೆಂದು ಒಯ್ಯುತ್ತಿದ್ದ ಬೆಲ್ಲದಚ್ಚು ತೆಗೆದು, ಸೀಟಿನ ಕಂಬಿಗೆ ಬಡಿದು ಒಡೆದು ಕೊಟ್ಟರು. ಬೋರಮ್ಮನ ಬಾಯಿಗೆ ಚೂರು ಇಟ್ಟೆ. ಅವಳು ಥೂ ಎಂದು ನನ್ನ ಅಂಗಿಯ ಮೇಲೆ ಉಗಿದಳು.

“ಮಣ್ಣು! ಮಣ್ ತಿನ್ನಿಸ್ತಾವ್ನೆ! ಪುಟ್ಟಾ, ನೋಡ್ಲಾ, ನಿಮ್ ಭಾವ ನಂಗೆ ಮಣ್ ತಿನ್ನಿಸ್ತಾವ್ನೆ!”

ಪುಟ್ಟಸ್ವಾಮಿ ಆ ಹೊತ್ತಿಗೆ ಮಾದಿಹಳ್ಳಿಯಲ್ಲಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದಿರಬೇಕು. ಸಾವಿನ ಬಾಗಿಲಲ್ಲೂ ಅವಳು ಕರೆದದ್ದು ಅವನನ್ನೇ. ಗುರುಸಿದ್ದಮ್ಮ ಬೆಲ್ಲವನ್ನು ತಮ್ಮ ಬಾಯಿಗಿಟ್ಟು ನೋಡಿ, “ಬೆಲ್ಲ ಚೆನ್ನಾಗೇ ಐತಲ್ಲಪ್ಪೋ, ಕಲ್ಲಿಲ್ಲ ಮಣ್ಣಿಲ್ಲ” ಎಂದು ಕಕ್ಕಾಬಿಕ್ಕಿಯಾದರು. ಬೆಲ್ಲ ಚೆನ್ನಾಗಿಯೇ ಇತ್ತು. ನಾಲಿಗೆಯ ಮೇಲೆ ಬಾಗಿನ ಕೂತಿತ್ತು. ವೇದಿಕೆಯ ಮೇಲೆ ತಮಗೆ ಚಪ್ಪಾಳೆ ಗಿಟ್ಟಿಸಿಕೊಟ್ಟ ಅದೇ ಚಮತ್ಕಾರ, ಮಾನ್ಯರೇ, ಬಸ್ಸಿನಲ್ಲಿ ನನ್ನ ಹೆಂಡತಿಯ ಬಾಯಿಂದ ಅವಳ ಮದ್ದನ್ನು ಉಗಿಸಿತು. ಬಳ್ಳಿಯ ಈ ಗುಣ ಗೊತ್ತಿಲ್ಲದವನೊಬ್ಬ ನನ್ನ ಜಾಗದಲ್ಲಿ ಕೂತಿದ್ದರೆ, ಬೇಡವೆನ್ನುತ್ತಾಳೆ ಬಿಡಿ ಎಂದು ಬೆಲ್ಲ ಕೆಳಗಿಡುತ್ತಿದ್ದ. ರುಚಿ ಹೋದರೂ ಬೆಲ್ಲದ ಕೆಲಸ ಹೋಗಿರುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವಳಿಗಿನ್ನೂ ಎಚ್ಚರವಿತ್ತು, ನುಂಗುವ ಶಕ್ತಿಯಿತ್ತು. ಕಂಡಕ್ಟರನ ಬಾಟಲಿಯ ನೀರಿನಲ್ಲಿ ಬೆಲ್ಲ ಕರಗಿಸಿ, ಬೈಸಿಕೊಳ್ಳುತ್ತ, ಕೆನ್ನೆಗೆ ಎರಡು ಏಟನ್ನೂ ತಿನ್ನುತ್ತ, ಗುಟುಕು ಗುಟುಕಾಗಿ ಕುಡಿಸಿದೆ. ಡ್ರೈವರ್ ಜಾವಗಲ್ ತನಕ ಎಲ್ಲೂ ನಿಲ್ಲಿಸಲಿಲ್ಲ.

ಜಾವಗಲ್ಲಿನ ಡಾಕ್ಟರು ಬೆರಳು ಚುಚ್ಚಿ ನೋಡಿದರು. ಬೆಲ್ಲದ ನೀರು ಅಷ್ಟೊಂದು ಹೋದ ಮೇಲೂ ಸಕ್ಕರೆ ಕೆಳಗೇ ಇತ್ತು. ಗ್ಲೂಕೋಸ್ ಏರಿಸುತ್ತ ಕೇಳಿದರು:

“ಏನಮ್ಮ, ಮಾತ್ರೆ ಬಿಟ್ಟು ಬೇರೆ ಏನಾದ್ರೂ ಔಷಧಿ ತಗೊಂಡ್ರಾ?”

“ಇಲ್ಲ ಸಾ.”

“ಆ ಪುಡಿ ಏನು ಮತ್ತೆ?”

“ಅದು ಬಾಗಿನದ್ದು ಸಾ. ತವರಿಂದ ಬಂದಿದ್ದು ಔಷಧಿ ಎಂಗಾದಾತು?”

ಡಾಕ್ಟರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಆಮೇಲೆ ಅವರು ಹೇಳಿದ್ದನ್ನು ತಮ್ಮ ಅವಗಾಹನೆಗೆ ತರುತ್ತೇನೆ, ಇದು ನನ್ನ ಹೊಟ್ಟೆಕಿಚ್ಚಿನ ಮಾತಲ್ಲ. ಮಾತ್ರೆಯೋ ಇನ್ಸುಲಿನ್ನೋ ತೆಗೆದುಕೊಳ್ಳುವವರು ಈ ಎಲೆಯನ್ನು ತಮ್ಮಷ್ಟಕ್ಕೆ ತಾವೇ ಸೇರಿಸಿಕೊಂಡರೆ ಸಕ್ಕರೆ ಅಪಾಯಕ್ಕೆ ಇಳಿಯಬಹುದು. ಉಪವಾಸವೂ ಸೇರಿದರೆ ಕೇಳುವುದೇ ಬೇಡ. ಮಾತ್ರೆ ಬಿಟ್ಟು ಎಲೆಯನ್ನೇ ನಂಬಿದರೆ ಸಕ್ಕರೆ ಏರಿ ಇನ್ನೊಂದು ಬಗೆಯ ಅಪಾಯ. ತೆಗೆದುಕೊಳ್ಳಲೇಬೇಕೆಂದರೆ ಡಾಕ್ಟರಿಗೆ ಹೇಳಿ, ರಕ್ತ ಪರೀಕ್ಷೆ ಮಾಡಿಸುತ್ತ, ಅವರು ಮಾತ್ರೆಯ ಪ್ರಮಾಣ ನೋಡಿಕೊಳ್ಳುವಂತಿದ್ದರೆ ಮಾತ್ರ. ಬಸುರಿಯರಿಗೆ, ಬಾಣಂತಿಯರಿಗೆ, ಮಕ್ಕಳಿಗೆ ಬೇಡವೇ ಬೇಡ, ಅವರಿಗೆ ಸುರಕ್ಷಿತ ಎಂದು ಹೇಳುವಷ್ಟು ಯಾರಿಗೂ ಗೊತ್ತಿಲ್ಲ. ಆಪರೇಷನ್ ಇರುವವರು ವಾರಗಳ ಮುಂಚೆಯೇ ನಿಲ್ಲಿಸಿ, ಡಾಕ್ಟರಿಗೆ ತಿಳಿಸಬೇಕು. ಬೆವರು, ನಡುಕ, ಮಾತಿನ ತೊದಲು, ಗಲಿಬಿಲಿ ಕಂಡರೆ ಆ ಕ್ಷಣವೇ ಸಕ್ಕರೆ ನೀರು, ಸಿಹಿ ಅನ್ನಿಸದಿದ್ದರೂ ಕುಡಿಯಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಓಡಬೇಕು. ಚೇತರಿಸಿಕೊಂಡವರೂ ಆಸ್ಪತ್ರೆಗೆ ಹೋಗಬೇಕು, ಯಾಕೆಂದರೆ ಮಾತ್ರೆಯ ಪ್ರಭಾವ ಮೈಯಲ್ಲಿ ಉಳಿದಿದ್ದು ಸಕ್ಕರೆ ಮತ್ತೆ ಇಳಿಯಬಹುದು. ಬೋರಮ್ಮನನ್ನು ಮರುದಿನದವರೆಗೆ ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ನಮ್ಮ ಮನೆಯ ಗಣೇಶ ಆ ವರ್ಷ ಕಡುಬಿಲ್ಲದೆ ಕೂತ.

ಇಷ್ಟಾದ ಮೇಲಾದರೂ ಅವಳಿಗೆ ಬುದ್ಧಿ ಬಂತೆಂದು ತಾವು ಭಾವಿಸಬಹುದು. ಮನೆಗೆ ಬಂದ ಬೋರಮ್ಮ ಮೊದಲು ಮಾಡಿದ ಕೆಲಸವೆಂದರೆ ಒಣಮೆಣಸಿನಕಾಯಿ, ಉಪ್ಪು ತೆಗೆದುಕೊಂಡು ಆ ಪುಡಿಯ ಪೊಟ್ಟಣಕ್ಕೆ ದೃಷ್ಟಿ ತೆಗೆದದ್ದು.

“ಏನೇ ಇದು?”

“ಕಣ್ ಬಿದ್ದಿತ್ತು ಇದಕ್ಕೆ. ಬಾಗಿನದ್ ಮ್ಯಾಲೆ.”

“ಯಾರ ಕಣ್ಣು?”

ಅವಳು ನನ್ನನ್ನು ನೋಡಿದಳು, ಅಷ್ಟೇ. ಮೆಣಸಿನಕಾಯಿ ಒಲೆಯಲ್ಲಿ ಚಟಪಟ ಎಂದಿತು. ಘಾಟು ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ಜೋರಾಗಿಯೇ ಬಿದ್ದಿತ್ತು ಎಂದರ್ಥ. ಅಲ್ಲಿಗೆ ನನ್ನ ವಿಚಾರಣೆ ಮುಗಿದು ತೀರ್ಪೂ ಹೊರಬಿತ್ತು.

ಪೊಟ್ಟಣ ಬಿಚ್ಚುವುದಿಲ್ಲ ಎಂದು ಅವಳು ಭಾಷೆ ಕೊಟ್ಟದ್ದು ನನ್ನ ಮಾತಿಗಲ್ಲ, ಆಸ್ಪತ್ರೆಯ ಸೂಜಿಯ ನೆನಪಿಗೆ. ಆ ನೆನಪು ಈಗ ಮಾಸುತ್ತಿದೆ. ಹೋದ ವಾರ ಪುಟ್ಟಸ್ವಾಮಿ ಎಳನೀರು ತಂದಿದ್ದವನು, ಅಕ್ಕ ಕೇಳಿದ್ದಾಳೆಂದು ಈ ವರ್ಷದ ಬಾಗಿನಕ್ಕೆ ಹೊಸ ಎಲೆ ಒಣಗಿಸಿಟ್ಟಿರುವುದಾಗಿ ಹೇಳಿದ. ನಾನು ಅವನನ್ನು ಹಿತ್ತಿಲಿಗೆ ಕರೆದು ಡಾಕ್ಟರು ಹೇಳಿದ್ದನ್ನೆಲ್ಲ ಮತ್ತೆ ಹೇಳಿದೆ. ಅವನ ಮುಖ ಬಾಡಿತು. “ನಂಗೂ ಭಯನೇ ಭಾವ. ಆದ್ರೆ ಶಾಲು ಹೊದಿಸ್ಕಂಡೋನೇ ಬ್ಯಾಡ ಅಂದ್ರೆ ಜನ ಏನಂದಾರು? ಬೋರ್ಡ್‌ನಾಗೆ ಒಂದ್ ಥರ ಐತೆ, ನಾನೊಂದ್ ಥರ ಅಂದ್ರೆ? ಅಕ್ಕ ಅಂತೂ ಕೇಳಾದೇ ಇಲ್ಲ. ನಿಮ್ ಭಾವ ನಿನ್ ತಲೆಗ್ ತುಂಬವ್ರೆ ಅಂತಾಳೆ.” ಒಳಗೆ ಬಂದು ನಾನು ಬೋರಮ್ಮನನ್ನೇ ನೇರವಾಗಿ ಕೇಳಿದೆ, ಜಾವಗಲ್ಲಿನ ಡಾಕ್ಟರು ಹೇಳಿದ್ದು ಮರೆತೆಯಾ ಎಂದು.

“ಇಂಗ್ಲಿಷ್ ಡಾಕ್ಟ್ರು ನಮ್ ಸೊಪ್ಪಿನ್ ಬಗ್ಗೆ ಒಳ್ಳೇದ್ ಹೇಳ್ತಾರಾ? ಅವ್ರಿಗೂ ಹೊಟ್ಟೆಕಿಚ್ಚೇಯ.”

“ಹಂಗಾದ್ರೆ ಯಾರ್ ಹೇಳಿದ್ರೆ ಕೇಳ್ತೀಯೇ?”

“ಬರ್ಸಿ ನೋಡಾನ ಆ ಬೋರ್ಡ್‌ನಾಗೆ. ಸರ್ಕಾರದೋರು ಬರೆದ್ರೆ ಸುಳ್ ಬರೀತಾರಾ? ಅಲ್ಲಿ ಬ್ಯಾಡ ಅಂತ ಇದ್ರೆ ನಾನ್ಯಾಕ್ ತಗಳ್ಲಿ? ನಂಗೇನ್ ಸಾಯಾಸೆನಾ?”

ಕೇಳಿದಿರಾ ಮಾನ್ಯರೇ? ಜೊತೆಯಲ್ಲಿ ಬಾಳಿದ ಗಂಡನ ಮಾತಿಗಿಲ್ಲದ, ಬೆರಳು ಚುಚ್ಚಿ ಜೀವ ಉಳಿಸಿದ ಡಾಕ್ಟರ ಮಾತಿಗಿಲ್ಲದ ನಂಬಿಕೆ ಅವಳಿಗೆ ತಮ್ಮ ಒಂದು ತಗಡಿನ ಮೇಲಿದೆ. ಆ ತಗಡಿನ ಮೇಲೂ ನನಗೆ ಈಗ ಹೊಟ್ಟೆಕಿಚ್ಚು. ಅಷ್ಟು ನಂಬಿಕೆಯನ್ನು ಹೊತ್ತು ನಿಂತಿರುವ ವಸ್ತುವಿನ ಮೇಲೆ ಏನು ಬರೆಯಬೇಕೆಂದು ಎರಡು ಬಾರಿ ಯೋಚಿಸಬೇಕಾಗಿದ್ದವರು ಯಾರು? ಬೋರಮ್ಮ ಒಬ್ಬಳೇ ಎಂದುಕೊಳ್ಳಬೇಡಿ. ಬೇಲೂರಿನಿಂದ, ಗಂಡಸಿಯಿಂದ, ಎಲ್ಲೆಲ್ಲಿಂದಲೋ ಬಂದವರು ಆ ಫಲಕದ ಮುಂದೆ ನಿಂತು, ಓದಿ, ಎಲೆ ಕಿತ್ತು ಜೇಬಿಗೆ ಹಾಕಿಕೊಂಡು ಹೋಗುವುದನ್ನು ಈಚೆಗೆ ಹೋದಾಗ ಕಂಡೆ. ಅವರಲ್ಲಿ ಎಷ್ಟು ಜನರ ಜೇಬಿನಲ್ಲಿ ಮಾತ್ರೆಯ ಚೀಟಿಯೂ ಇತ್ತೋ! ಅವರೆಲ್ಲರ ಪಕ್ಕದ ಸೀಟಿನಲ್ಲಿ ಬೆಲ್ಲದಚ್ಚಿನ ಗುರುಸಿದ್ದಮ್ಮ ಕೂತಿರುತ್ತಾರೆಯೇ?

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಅರಸೀಕೆರೆಗೆ ವನ ಬೇಡ. ಶಾಲು ಬೇಡ. ಬಳ್ಳಿ ಎಲ್ಲಿಯದೆಂದು ಬರೆಯುವುದೂ ಬೇಡ. (ಹೀಗೆ ಬರೆಯುವಾಗ ನನ್ನ ಪೆನ್ನು ಎರಡು ಸಲ ನಿಂತಿತು ಎಂಬುದು ತಮಗೆ ತಿಳಿದಿರಲಿ.) ಗೌರಿ ಹಬ್ಬ ಬರುವ ಮುಂಚೆ, ‘ರಾಮಬಾಣ’ ಮತ್ತು ‘ಅಡ್ಡಪರಿಣಾಮಗಳಿಲ್ಲ’ ಎಂಬ ಮಾತು ಅಳಿಸಿ, ಆ ಜಾಗದಲ್ಲಿ ಅಷ್ಟೇ ದಪ್ಪ ಅಕ್ಷರದಲ್ಲಿ ಹೀಗೆ ಬರೆಸಿ: ‘ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಇದನ್ನು ಸೇವಿಸಬಾರದು. ಜೀವಕ್ಕೆ ಅಪಾಯ.’

ಇನ್ನೊಂದು ಮಾತು. ಈ ಸಾಲು ಯಾರದೆಂದು ಫಲಕದ ಕೆಳಗೆ ಹಾಕಬೇಕಾಗಿ ಬಂದರೆ ನನ್ನ ಹೆಸರು ಹಾಕಬೇಡಿ, ತಮ್ಮ ಹುದ್ದೆಯೂ ಬೇಡ. ‘ಇದು ಮಾದಿಹಳ್ಳಿಯ ಪುಟ್ಟಸ್ವಾಮಿಯವರ ಎಚ್ಚರಿಕೆ’ ಎಂದು ಬರೆಸಿ, ಪಕ್ಕದಲ್ಲಿ ಪೇಟ ಇಟ್ಟುಕೊಂಡ ಅವನ ಅದೇ ಫೋಟೋ ಹಾಕಿಸಿ. ಅವನನ್ನು ಕೇಳಿದ್ದೇನೆ, ಒಪ್ಪಿದ್ದಾನೆ. ಅವನಿಗೆ ಬಳ್ಳಿಯನ್ನೇ ಕೊಟ್ಟ ನನಗೆ ಈ ಒಂದು ಸಾಲನ್ನೂ ಕೊಡುವುದು ಕಷ್ಟವಲ್ಲ. ಹಬ್ಬದ ದಿನ ಬೋರಮ್ಮನನ್ನು ಕರೆದುಕೊಂಡು ನಾನೇ ಆ ಫಲಕದ ಮುಂದೆ ನಿಲ್ಲುತ್ತೇನೆ. ಅವಳಿಗೆ ಓದಲು ಬರುತ್ತದೆ. ತಮ್ಮನ ಮಾತಾದರೆ ಅವಳು ಕೇಳುತ್ತಾಳೆ.

ಇಂತಿ,
ಯಾವ ಎಲೆ ಅಗಿದರೂ ಹೊಟ್ಟೆಯ ಕಿಚ್ಚು ಇಳಿಯದ,
ತಮ್ಮ ಕಚೇರಿಗೆ ಬೇರೆ ಹೆಸರಿನಿಂದ ಗುರುತು ಸಿಗಲಾರದ,
ಮಧುನಾಶಿನಿ ಪುಟ್ಟಸ್ವಾಮಿಯವರ ಭಾವ